ಕಳಸಕ್ಕೆ ಹೊರಟ ಮನೆ ಲಾರಿ

ಲೋಕದಲ್ಲಿ ನಡೆದ ದೊಡ್ಡ ದೊಡ್ಡ ಕೆಲಸಗಳ ಹಿಂದೆಲ್ಲ ಭಕ್ತಿ, ಪ್ರೇಮ, ದೇಶಾಭಿಮಾನ ಮುಂತಾದ ಘನವಾದ ಕಾರಣಗಳಿರುತ್ತವೆ ಎಂದು ಶಾಲೆಯಲ್ಲಿ ನಮ್ಮ ಮೇಷ್ಟರು ಹೇಳಿಕೊಟ್ಟಿದ್ದರು. ನೆಂಟರ ಭಯ ಎಂಬ ಕಾರಣವನ್ನು ಅವರು ಹೇಳಿರಲಿಲ್ಲ. ಪ್ರಾಯಶಃ ಅವರ ನೆಂಟರು ಒಳ್ಳೆಯವರಿದ್ದಿರಬೇಕು. ನನ್ನ ಮಟ್ಟಿಗೆ ಹೇಳುವುದಾದರೆ, ಈ ಜನ್ಮದಲ್ಲಿ ನಾನು ಮಾಡಿದ ಒಂದೇ ಒಂದು ಸಾಹಸ ಒಬ್ಬ ಭಾವಯ್ಯನಿಂದ ತಪ್ಪಿಸಿಕೊಳ್ಳುವುದಕ್ಕಾಗಿ ಮಾಡಿದ್ದು. ಅದಕ್ಕಾಗಿ ನಾನು ಒಂದು ಲಾರಿ ಕೊಂಡೆ, ಅದರ ಮೇಲೊಂದು ಮನೆ ಕಟ್ಟಿದೆ, ಇರುವ ಮನೆಯನ್ನು ಅರ್ಧ ಕೆಡವಿದೆ. ಇಷ್ಟೆಲ್ಲ ಮಾಡುವ ಬದಲು ಭಾವಯ್ಯನಿಗೆ ನೇರವಾಗಿ ಒಂದು ಮಾತು ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹೆಂಡತಿಯ ಅಣ್ಣನಿಗೆ ನೇರವಾಗಿ ಮಾತು ಹೇಳಿದ ಗಂಡಸು ನಮ್ಮ ಸೀಮೆಯಲ್ಲಿ ಯಾರಿದ್ದಾರೆ ತೋರಿಸಿ, ಆಮೇಲೆ ನನ್ನನ್ನು ಕೇಳಿ.

ನಮ್ಮದು ಮೂಡಿಗೆರೆಯಿಂದ ಸ್ವಲ್ಪ ದೂರದಲ್ಲಿ ಒಂದು ಸಣ್ಣ ಕಾಫಿ ತೋಟ. ಎಸ್ಟೇಟು ಎಂದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಹಾಗೆಂದು ಹೇಳಿಕೊಳ್ಳದೆ ಇರುವಷ್ಟು ವಿನಯ ನನಗೂ ಇರಲಿಲ್ಲ. ಇದಲ್ಲದೆ ಕಳಸದಾಚೆ ಗುಡ್ಡದ ಮೇಲೆ ಇನ್ನೊಂದು ತುಂಡು ತೋಟ ನಮ್ಮ ಪಾಲಿಗೆ ಬಂದಿತ್ತು. ಅಲ್ಲಿ ಗಿಡಗಳಿದ್ದವು, ಜಿಗಣೆಗಳಿದ್ದವು, ಇರಲು ಒಂದು ಸೂರು ಮಾತ್ರ ಇರಲಿಲ್ಲ. ಹಣ್ಣು ಕೊಯ್ಯುವ ಕಾಲದಲ್ಲಿ ವಾರಗಟ್ಟಲೆ ಅಲ್ಲಿ ನಿಂತು ಕೆಲಸ ಮಾಡಿಸಬೇಕು. ರಾತ್ರಿ ತಂಗಲು ಇದ್ದ ಜಾಗ ಒಂದೇ: ಕಳಸದಲ್ಲಿ ನನ್ನ ಹೆಂಡತಿ ಗಿರಿಜೆಯ ಅಣ್ಣ ನಂಜಪ್ಪ ಭಾವಯ್ಯನವರ ಮನೆ.

ಭಾವಯ್ಯ ಒಳ್ಳೆಯ ಮನುಷ್ಯರು. ಹೆಂಡತಿ ತೀರಿಕೊಂಡ ಮೇಲೆ ಹೊತ್ತು ಕಳೆಯಲು ಅವರಿಗೊಂದು ಹವ್ಯಾಸ ಬೇಕಾಗಿತ್ತು. ಕೆಲವರು ಇಸ್ಪೀಟು ಹಿಡಿಯುತ್ತಾರೆ, ಕೆಲವರು ಕೋರ್ಟು ಹಿಡಿಯುತ್ತಾರೆ. ಭಾವಯ್ಯ ಪ್ರಕೃತಿ ಚಿಕಿತ್ಸೆ ಹಿಡಿದರು. ಆ ಕಾಲದಲ್ಲಿ ಅದು ಊರೂರಿಗೆ ಹರಡಿದ್ದ ಹುಚ್ಚು. ಎಲ್ಲ ರೋಗವೂ ಹೊಟ್ಟೆಯಲ್ಲೇ ಹುಟ್ಟುವುದು, ಹೊಟ್ಟೆಯನ್ನು ತೊಳೆದಿಟ್ಟುಕೊಂಡವನಿಗೆ ಸಾವು ಕೂಡ ಹತ್ತಿರ ಬರಲು ಸಂಕೋಚಪಡುತ್ತದೆ ಎಂಬುದು ಅವರ ಸಿದ್ಧಾಂತ. ಬೆಳಗಾಗುತ್ತಲೇ ಹೊಳೆಯ ತಣ್ಣೀರು ತುಂಬಿದ ತೊಟ್ಟಿಯಲ್ಲಿ ಸೊಂಟದವರೆಗೆ ಕೂರುವುದು, ಆಮೇಲೆ ಹೊಟ್ಟೆಯ ಮೇಲೆ ಹುತ್ತದ ಮಣ್ಣಿನ ಪಟ್ಟಿ, ಆಮೇಲೆ ಒಂದು ಲೋಟ ಬೂದುಗುಂಬಳದ ರಸ. ಮಧ್ಯಾಹ್ನ ಹಸಿ ತರಕಾರಿ. ಗೋಡೆಯ ಗೂಟದಲ್ಲಿ ರಬ್ಬರು ಕೊಳವೆಯ ಎನಿಮಾ ಡಬ್ಬಿ, ಉಳಿದವರ ಮನೆಯಲ್ಲಿ ಕೊಡೆ ನೇತುಹಾಕಿದ ಹಾಗೆ, ಬಂದವರಿಗೆಲ್ಲ ಕಾಣುವಂತೆ ನೇತಾಡುತ್ತಿತ್ತು. ಇದೆಲ್ಲ ಅವರೊಬ್ಬರೇ ಮಾಡಿಕೊಂಡಿದ್ದರೆ ನನ್ನ ತಕರಾರಿರಲಿಲ್ಲ. ಅವರು ಅತಿಥಿಗಳನ್ನು ಬಿಟ್ಟು ತಾವೊಬ್ಬರೇ ಏನನ್ನೂ ಅನುಭವಿಸುವ ಜಾತಿಯವರಲ್ಲ. ಎಲ್ಲಕ್ಕಿಂತ ಅನ್ಯಾಯವೆಂದರೆ ಸ್ವತಃ ಕಾಫಿ ಬೆಳೆಗಾರರಾಗಿದ್ದೂ ಅವರ ಮನೆಯಲ್ಲಿ ಕಾಫಿ ನಿಷಿದ್ಧ. ಅಂಗಳದ ತುಂಬ ಕಾಫಿ ಒಣಗುತ್ತಿರುವಾಗ ಜಗಲಿಯ ಮೇಲೆ ಕೂತು ಕುಂಬಳದ ರಸ ಕುಡಿಯುವ ಸಂಕಟ ಅನುಭವಿಸಿದವನಿಗೇ ಗೊತ್ತು.

ಯುದ್ಧ ಮುಗಿದ ಹೊಸತರಲ್ಲಿ ಏನೋ ಕೆಲಸಕ್ಕೆ ಹಾಸನದ ಕಡೆ ಹೋಗಿದ್ದೆ. ದಾರಿ ಪಕ್ಕದ ಬಯಲಿನಲ್ಲಿ ಮಿಲಿಟರಿ ಲಾರಿಗಳು ನಿಂತಿದ್ದವು. ಒಂದು ಲಾರಿಯ ಹಿಂಭಾಗದಲ್ಲಿ ಒಬ್ಬ ಬಿಳಿಯ ಅಧಿಕಾರಿ ಮಂಚ ಹಾಸಿಕೊಂಡು, ಕೊಕ್ಕೆಗೆ ಕನ್ನಡಿ ಸಿಕ್ಕಿಸಿ, ಗುನುಗುತ್ತ ಗಡ್ಡ ಹೆರೆದುಕೊಳ್ಳುತ್ತಿದ್ದ. ಪಕ್ಕದ ಸ್ಟವ್ ಮೇಲೆ ಏನೋ ಕುದಿಯುತ್ತಿತ್ತು. ಅವನ ಮುಖದಲ್ಲಿದ್ದ ನೆಮ್ಮದಿ ಯಾವ ನೆಂಟರ ಮನೆಯಲ್ಲೂ ಇಳಿಯಬೇಕಾಗಿಲ್ಲದ ಮನುಷ್ಯನ ನೆಮ್ಮದಿ. ಊರಿಗೆ ಬಂದವನೇ ಖಾದರ್ ಸಾಹೇಬರ ವರ್ಕ್‌ಷಾಪಿಗೆ ಹೋದೆ.

ಖಾದರ್ ಸಾಹೇಬರು ಮೂಡಿಗೆರೆಯಲ್ಲಿ ಮೋಟಾರು ರಿಪೇರಿ ಮಾಡುತ್ತಿದ್ದವರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲು ಗ್ಯಾಸಿನ ಮೇಲೆ ಓಡುವಂತಾದಾಗ, ಡಾಂಬರು ಪೀಪಾಯಿಗಳನ್ನು ಬೆಸುಗೆ ಹಾಕಿ ಗ್ಯಾಸ್ ಒಲೆ ಮಾಡಿ ಬಸ್ಸುಗಳ ಬೆನ್ನಿಗೆ ಕಟ್ಟಿದ್ದು ಅವರೇ. ಅವು ಓಡಿದ್ದೂ ಉಂಟು. ಸಾಹೇಬರ ಬಾಯಲ್ಲಿ ಯಾವ ಪ್ರಶ್ನೆಗೂ ಇದ್ದ ಉತ್ತರ ಒಂದೇ: “ಆಗ್ತದೆ.” ಮುರಿದ ಆಕ್ಸಲು ಸರಿಯಾದೀತೆ ಎಂದರೆ ಆಗ್ತದೆ. ನಾಳೆ ಬೆಳಿಗ್ಗೆಗೆ ಬೇಕು ಎಂದರೆ ಆಗ್ತದೆ. ನಾಳೆ ಬೆಳಿಗ್ಗೆ ಹೋಗಿ ನೋಡಿದರೆ ಆಗಿರುತ್ತಿರಲಿಲ್ಲ. ಆದರೂ ಅವರು ಅಷ್ಟೇ ವಿಶ್ವಾಸದಿಂದ ಆಗ್ತದೆ ಎನ್ನುತ್ತಿದ್ದರು. ಲಾರಿಯ ಮೇಲೆ ಮನೆ ಕಟ್ಟಬಹುದೇ ಎಂದು ನಾನು ಕೇಳಿದೆ. ಅವರು ಕೈಯಲ್ಲಿದ್ದ ಸ್ಪಾನರು ಕೆಳಗಿಟ್ಟು, ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಮನೆ ಬರೆದು, ಅದರ ಕೆಳಗೆ ಗಾಲಿ ಹಾಕಿದರು. ಮನೆಗೆ ಹೊಗೆ ಹೋಗುವ ಚಿಮಣಿಯನ್ನೂ ಮರೆಯಲಿಲ್ಲ.

ಮಿಲಿಟರಿಯವರು ಹಳೆಯ ಲಾರಿಗಳನ್ನು ಮಾರುತ್ತಿದ್ದಾರೆಂದು ತಿಳಿದು ಇಬ್ಬರೂ ಹೋಗಿ ಒಂದನ್ನು ತಂದೆವು. ಅದರ ಸ್ಟೀರಿಂಗು ಎಡಗಡೆಗಿತ್ತು. ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತವಿರುವ ಲಾರಿ, ಗುಡ್ಡ ಹತ್ತುವುದಕ್ಕೆ ಇಂಥದ್ದೇ ಬೇಕು ಎಂದು ಸಾಹೇಬರು ಮೆಚ್ಚಿದರು. ಆದರೆ ಮುಂದಿನ ಗಾಲಿಗಳಿಗೆ ಎಳೆತ ಕೊಡುವ ಷಾಫ್ಟನ್ನೇ ಯಾರೋ ಬಿಚ್ಚಿಕೊಂಡಿದ್ದರು ಎಂಬುದು ಮನೆಗೆ ಬಂದ ಮೇಲೆ ತಿಳಿಯಿತು. ಹಿಂದೆ ಮೈಯೂ ಇರಲಿಲ್ಲ. ಒಂದು ಸೀಟು, ಒಂದು ಎಂಜಿನ್ನು, ಎರಡು ಉದ್ದನೆಯ ಕಬ್ಬಿಣದ ತೊಲೆ. ಗಿರಿಜೆ ಹೊರಬಂದು ಸುತ್ತ ಒಂದು ಸಲ ನಡೆದು ನೋಡಿದಳು. ಇದರ ಉಳಿದ ಭಾಗ ಯಾವಾಗ ಬರುತ್ತದೆ ಎಂದು ಕೇಳಿದಳು. ಉಳಿದದ್ದೆಲ್ಲ ನಾವೇ ಮನೆಯಲ್ಲಿ ಮಾಡುವುದು ಎಂದೆ. ಅವಳು ಒಳಗೆ ಹೋಗಿ ಬೀರುವಿಗೆ ಬೀಗ ಹಾಕಿದ ಸದ್ದು ಕೇಳಿಸಿತು.

ಅವಳ ಮುಂದಾಲೋಚನೆ ಸರಿಯಾಗಿಯೇ ಇತ್ತು. ಲಾರಿಯ ಮೈಗೆ ಹಲಗೆ ಬೇಕಿತ್ತು. ಹೊಸ ಮರ ಒಣಗುವುದಕ್ಕೆ ವರ್ಷ ಹಿಡಿಯುತ್ತದೆ ಎಂದು ಸಾಹೇಬರು ಹೇಳಿದರು. ನಮ್ಮ ಮನೆಯಲ್ಲಿ ಅಜ್ಜನ ಕಾಲದ ಹಲಸಿನ ಹಲಗೆಯ ಪಣತವಿತ್ತು. ಅದರಲ್ಲಿ ಭತ್ತವಿತ್ತು. ಭತ್ತ ಜಗಲಿಗೆ ಬಂತು, ಹಲಗೆ ಲಾರಿಗೆ ಹೋಯಿತು. ಛಾವಣಿಗೆ ಸೀಮೆಎಣ್ಣೆ ಡಬ್ಬಗಳನ್ನು ಸೀಳಿ ತಟ್ಟಿ ಒಂದಕ್ಕೊಂದು ಬೆಸೆದೆವು. ಮುಂದಿನ ಗಾಲಿಯ ಷಾಫ್ಟಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಷಾಫ್ಟೇ ಸರಿಹೊಂದುತ್ತದೆಂದು ಸಾಹೇಬರು ಅದನ್ನು ಬಿಚ್ಚಿ, ಕಾಸಿ, ಬಡಿದು ಕೂರಿಸಿದರು. ಆ ವರ್ಷ ಪಲ್ಪರು ಓಡಲಿಲ್ಲ. ಉಗ್ರಾಣದ ಬಾಗಿಲು ಲಾರಿಯ ಬಾಗಿಲಾಯಿತು. ಉಗ್ರಾಣಕ್ಕೆ ಗೋಣಿಪರದೆ ಬಂತು. ಸವೆದ ಸ್ಪ್ರಿಂಗ್ ಪಟ್ಟಿಗಳ ಜಾಗಕ್ಕೆ ಗಾಡಿಯ ಗಾಲಿಗೆ ಸುತ್ತಿದ ಕಬ್ಬಿಣದ ಪಟ್ಟಿ ಕತ್ತರಿಸಿ ಹೊಸ ಸ್ಪ್ರಿಂಗು ಮಾಡಿದೆವು. ಇದನ್ನು ತಿದಿಯೊತ್ತಿ, ಬಡಿದು, ಎಣ್ಣೆಯಲ್ಲಿ ಅದ್ದಿದವನು ನಾನೇ. ಎಂಥ ಸ್ಪ್ರಿಂಗು ಎಂದು ಬಂದವರಿಗೆಲ್ಲ ತೋರಿಸಿದೆ. ಸ್ಪ್ರಿಂಗಿಗೂ ಗಾಡಿ ಪಟ್ಟಿಗೂ ಕಬ್ಬಿಣದಲ್ಲೇ ವ್ಯತ್ಯಾಸವಿರುತ್ತದೆಂಬುದು ನನಗೆ ಗೊತ್ತಿರಲಿಲ್ಲ. ಸಾಹೇಬರಿಗೆ ಗೊತ್ತಿದ್ದಿರಬಹುದು, ಆದರೆ ಆಗುವುದಿಲ್ಲ ಎನ್ನುವ ಮಾತು ಅವರ ಬಾಯಲ್ಲಿ ಬರುತ್ತಿರಲಿಲ್ಲವಲ್ಲ.

ಕೊನೆಗೆ ನೀರಿನ ಏರ್ಪಾಡಾಗಬೇಕಿತ್ತು. ಲಾರಿಯ ನೆತ್ತಿಯ ಮೇಲೊಂದು ಪಾತ್ರೆ ಇಟ್ಟು, ಕೊಳವೆ ಇಳಿಸಿ, ಒಳಗೆ ನಲ್ಲಿ ಕೂರಿಸಬೇಕೆಂಬುದು ನನ್ನ ಯೋಜನೆ. ಅಷ್ಟು ದೊಡ್ಡ ಪಾತ್ರೆ ಮನೆಯಲ್ಲಿದ್ದದ್ದು ಬಚ್ಚಲಿನ ತಾಮ್ರದ ಹಂಡೆ ಮಾತ್ರ. ಗಿರಿಜೆ ತವರಿನಿಂದ ತಂದದ್ದು. ನಾನು ಅದರ ಸುತ್ತ ಅಳತೆ ಹಿಡಿಯುತ್ತಿದ್ದಾಗ ಅವಳು ಬಚ್ಚಲ ಬಾಗಿಲಲ್ಲಿ ನಿಂತಳು.

“ಹಂಡೆ ಹೋದ್ರೆ ನಾನೂ ಲಾರೀಲಿ ಬರ್ತೀನಿ,” ಎಂದಳು. “ಹಂಡೆ ಎಲ್ಲೋ ನಾನೂ ಅಲ್ಲೇ.”

ನನ್ನ ಯೋಜನೆಯಲ್ಲಿ ಅವಳು ಬರುವುದು ಸೇರಿರಲಿಲ್ಲ. ಆದರೆ ಹಂಡೆಯಿಲ್ಲದ ಮನೆಯಲ್ಲಿ ಹೆಂಡತಿಯನ್ನು ಬಿಟ್ಟುಹೋಗುವುದು ಹೇಗೆ? ಹಂಡೆ ಲಾರಿಯ ನೆತ್ತಿಗೇರಿತು. ಅಂದಿನಿಂದ ಗಿರಿಜೆಯೇ ಮೇಸ್ತ್ರಿಯಾದಳು. ಒಲೆ ಅಲುಗಾಡಿದರೆ ಹಾಲು ಚೆಲ್ಲುತ್ತದೆಂದು ಅದನ್ನು ಸರಪಳಿಯಲ್ಲಿ ತೂಗುಬಿಡಿಸಿದಳು. ಕಪಾಟು ಮಾಡಿಸಿದಳು. ಮಡಿಸಿ ಗೋಡೆಗೆ ಸೇರಿಸುವ ಮಂಚ ಮಾತ್ರ ಪೂರ್ತಿ ನನ್ನ ಮತ್ತು ಸಾಹೇಬರ ಕಲ್ಪನೆ. ಅದರ ಕೀಲುಗಳು ಎಷ್ಟು ಚೆನ್ನಾಗಿ ಕೂತಿದ್ದವೆಂದರೆ, ಪರೀಕ್ಷೆಗೆಂದು ನಾವಿಬ್ಬರೂ ಅದರ ಮೇಲೆ ಕೂತೊಡನೆ ಅದು ತಾನಾಗಿಯೇ ಮಡಿಸಿಕೊಂಡು ನಮ್ಮನ್ನು ಗೋಡೆಗೆ ಒತ್ತಿ ಹಿಡಿಯಿತು. ಒಳಗಿನ ಕತ್ತಲಲ್ಲಿ ಸಾಹೇಬರ ದನಿ ಬಂತು: ಮಂಚ ಗಟ್ಟಿಯಾಗಿದೆ ಗೌಡ್ರೆ. ಗಿರಿಜೆ ಬಂದು ಬಿಡಿಸುವಾಗ ಸ್ವಲ್ಪ ತಡ ಮಾಡಿದಳೆಂದು ನನಗೆ ಇವತ್ತಿಗೂ ಸಂಶಯ.

ಕಾಫಿ ಹಣ್ಣು ಕೆಂಪಾಗುವ ಹೊತ್ತಿಗೆ ಹೊರಟೆವು. ಸಾಹೇಬರ ಕೈಯಲ್ಲಿ ಸ್ಟೀರಿಂಗು. ಹಿಂದುಗಡೆ ಕಟ್ಟಿದ್ದ ಪೀಪಾಯಿಯಲ್ಲಿ ಇದ್ದಿಲು ಉರಿಸಿ ಗ್ಯಾಸ್ ಎಬ್ಬಿಸುವುದು, ಆಗಾಗ ಕೆಳಗಿಳಿದು ಬೂದಿ ಕೆದಕುವುದು ನನ್ನ ಕೆಲಸ. ಗ್ಯಾಸಿಗೆ ಏರು ಹತ್ತುವ ಶಕ್ತಿ ಸಾಲದ್ದರಿಂದ, ಕಡಿದಾದ ಕಡೆ ಮಾತ್ರ ಬಳಸಲು ಒಂದು ಡಬ್ಬ ಪೆಟ್ರೋಲು ಬಚ್ಚಿಟ್ಟಿದ್ದರು. ಕೊಟ್ಟಿಗೆಹಾರದ ಗಾಳಿಗೆ ಡಬ್ಬದ ಛಾವಣಿ ನಗಾರಿಯಂತೆ ಬಡಿದುಕೊಂಡಿತು. ಬಾಳೂರಿನ ಹತ್ತಿರ ಎತ್ತಿನಗಾಡಿಯೊಂದು ನಮ್ಮನ್ನು ದಾಟಿ ಮುಂದೆ ಹೋಯಿತು. ಗಾಡಿಯವನು ತಿರುಗಿ ನೋಡಿ, ಮನೆ ಎಲ್ಲಿಗೆ ಹೊರಟಿದ್ದೆಂದು ವಿಚಾರಿಸಿದ. ಆದರೂ ಒಂದು ಸಂತೋಷ ಮರೆಯಲಾಗದ್ದು. ಹಿರೇಬೈಲಿನ ಹತ್ತಿರ ಹಳ್ಳದ ದಂಡೆಯಲ್ಲಿ ಲಾರಿ ನಿಲ್ಲಿಸಿ, ಗಿರಿಜೆ ತೂಗುವ ಒಲೆಯ ಮೇಲೆ ಕಾಫಿ ಮಾಡಿ, ನಾವು ಮೂವರೂ ಉಗ್ರಾಣದ ಬಾಗಿಲನ್ನು ತೆರೆದಿಟ್ಟು ಕಾಲು ಇಳಿಬಿಟ್ಟು ಕೂತು ಕುಡಿದೆವು. ಎದುರಿಗೆ ಗುಡ್ಡದ ಹಿಂದೆ ಗುಡ್ಡ. ನನ್ನ ಸ್ವಂತ ಮನೆಯಲ್ಲಿ, ಇನ್ನೊಬ್ಬರ ನೆಲದ ಮೇಲೆ, ಯಾರ ಮುಲಾಜೂ ಇಲ್ಲದೆ ಕೂತಿದ್ದೆ. ಆ ಬಿಳಿಯ ಅಧಿಕಾರಿ ಗುನುಗುತ್ತಿದ್ದದ್ದು ಏಕೆಂದು ಅರ್ಥವಾಯಿತು.

ಭಾವಯ್ಯನ ಮನೆ ಕಳಸದ ದಾರಿಯಲ್ಲೇ, ಊರು ಸಿಗುವ ಮುಂಚೆ, ಒಂದು ಇಳಿಜಾರಿನ ಬುಡದಲ್ಲಿತ್ತು. ಅಲ್ಲಿ ನಿಲ್ಲಿಸದೆ ಜೋರಾಗಿ ದಾಟಿಹೋಗಬೇಕು, ಕೇಳಿದರೆ ಬ್ರೇಕು ಹಿಡಿಯಲಿಲ್ಲ ಎನ್ನಬೇಕು ಎಂದು ಸಾಹೇಬರಿಗೆ ಮೊದಲೇ ಹೇಳಿದ್ದೆ. ಅವರು ಆಗ್ತದೆ ಎಂದಿದ್ದರು. ಇಳಿಜಾರಿನಲ್ಲಿ ಲಾರಿ ಜೋರು ಹಿಡಿಯಿತು. ಅಷ್ಟರಲ್ಲಿ ಅಡಿಯಿಂದ ಒಂದು ಸದ್ದು ಕೇಳಿಸಿತು. ಲಾರಿ ಒಂದು ಮಗ್ಗುಲಿಗೆ ವಾಲಿ, ಭಾವಯ್ಯನ ಬೇಲಿಯ ಗೇಟು ಮುರಿದುಕೊಂಡು, ಅವರ ಅಂಗಳದ ನಟ್ಟನಡುವೆ ಹೋಗಿ ನಿಂತಿತು. ನನ್ನ ಸ್ಪ್ರಿಂಗು ಎರಡು ತುಂಡಾಗಿತ್ತು. ಭಾವಯ್ಯ ಹೊಟ್ಟೆಯ ಮೇಲೆ ಮಣ್ಣಿನ ಪಟ್ಟಿ ಹಾಕಿಕೊಂಡೇ ಜಗಲಿಯಿಂದ ಎದ್ದು ಬಂದರು. ಬೇರೆ ಯಾರಾದರೂ ಆಗಿದ್ದರೆ ಗೇಟಿನ ಮಾತೆತ್ತುತ್ತಿದ್ದರು. ಅವರು ನನ್ನ ಮುಖ ನೋಡಿದರು.

“ನಾಲಿಗೆ ತೋರ್ಸು ಮಾರಾಯ,” ಎಂದರು.

ಹೀಗೆ ತಪ್ಪಿಸಿಕೊಳ್ಳಬೇಕೆಂದಿದ್ದ ಅಂಗಳದಲ್ಲೇ ಬಿಡಾರ ಹೂಡಿದಂತಾಯಿತು. ಆದರೂ ನಾನು ಸೋಲಲಿಲ್ಲ. ನಮ್ಮ ವಾಸ ನಮ್ಮ ಮನೆಯಲ್ಲೇ, ಊಟ ನಮ್ಮ ಒಲೆಯಲ್ಲೇ ಎಂದು ಖಡಾಖಂಡಿತವಾಗಿ ಹೇಳಿದೆ. ಭಾವಯ್ಯನಿಗೆ ಅಲ್ಲ, ಗಿರಿಜೆಗೆ. ಅವಳು ಅದನ್ನು ಅಣ್ಣನಿಗೆ ಏನೆಂದು ಹೇಳಿದಳೋ, ಅವರು ತಕರಾರು ಮಾಡಲಿಲ್ಲ. ಮರುದಿನ ಬೆಳಿಗ್ಗೆ ನಾನು ಮಂಚದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಲಾರಿಯ ಬಾಗಿಲು ಮೆತ್ತಗೆ ತಟ್ಟಿದ ಹಾಗಾಯಿತು. ಭಾವಯ್ಯ ಒಳಗೆ ಬಂದು, ಬಾಗಿಲು ಹಾಕಿ, ಕಿಟಕಿಯನ್ನೂ ಮುಚ್ಚಿದರು. ಕಾಫಿ ಮನುಷ್ಯನ ಶತ್ರು, ಶತ್ರುವನ್ನು ಹತ್ತಿರದಿಂದ ನೋಡಿ ತಿಳಿದಿರಬೇಕೆಂದು ಒಂದಷ್ಟು ಹೊತ್ತು ವಿವರಿಸಿದರು. ಗಿರಿಜೆ ಒಂದು ಲೋಟ ಕಾಫಿ ಮುಂದಿಟ್ಟಳು. ಪರೀಕ್ಷಾರ್ಥವಾಗಿ ಅವರು ಅದನ್ನು ಕುಡಿದರು. ಒಂದೇ ಪರೀಕ್ಷೆಯಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲವೆಂದು ಇನ್ನೊಂದು ಲೋಟ ಕುಡಿದರು. ಕಣ್ಣುಮುಚ್ಚಿ ಕುಡಿಯುತ್ತಿದ್ದ ಆ ಮುಖ ನೋಡಿ ನನಗೆ ಮೊದಲ ಸಲ ಅವರ ಮೇಲೆ ಪ್ರೀತಿ ಹುಟ್ಟಿತು. ಊರಿಗೆಲ್ಲ ಉಪದೇಶ ಮಾಡಿಟ್ಟಿದ್ದರಿಂದ ತಮ್ಮ ಮನೆಯಲ್ಲಿ ತಾವೇ ಒಂದು ಲೋಟ ಕಾಫಿ ಕೇಳುವಂತಿರಲಿಲ್ಲ ಪಾಪ. ಆಳುಕಾಳುಗಳೆಲ್ಲ ಕಣ್ಣಿಟ್ಟು ಕಾಯುತ್ತಿದ್ದರು. ಅಂದಿನಿಂದ ಲಾರಿಯೊಳಗೆ ದಿನವೂ ಪರೀಕ್ಷೆ ನಡೆಯಿತು.

ಒಂದು ಬೆಳಿಗ್ಗೆ ಅವರು ಬರಲಿಲ್ಲ. ಗಿರಿಜೆ ಹೋಗಿ ನೋಡಿದರೆ ಒಳಗೆ ಚಾಪೆಯ ಮೇಲೆ ಮುದುಡಿ ಮಲಗಿದ್ದರು. ಹೊಟ್ಟೆಯ ಬಲಗಡೆ ವಿಪರೀತ ನೋವು, ಮೈ ಸುಡುವ ಜ್ವರ. ಹಿಂದಿನ ದಿನದಿಂದಲೇ ನೋವಿತ್ತಂತೆ. ಮಣ್ಣಿನ ಪಟ್ಟಿಯ ಮೇಲೆ ಪಟ್ಟಿ ಹಾಕಿಕೊಂಡು ಯಾರಿಗೂ ಹೇಳದೆ ಸುಮ್ಮನಿದ್ದರು. ಊರಿನ ಡಾಕ್ಟರು ಬಂದು ಮುಟ್ಟಿ ನೋಡಿ, ನನ್ನನ್ನು ಹೊರಗೆ ಕರೆದರು. ಕರುಳಿನ ಬಾಲ ಬಾತಿದೆ, ಅದು ಒಡೆದರೆ ಮನುಷ್ಯ ಉಳಿಯುವುದಿಲ್ಲ, ಸಂಜೆಯೊಳಗೆ ಚಿಕ್ಕಮಗಳೂರಿನ ದೊಡ್ಡಾಸ್ಪತ್ರೆಗೆ ಸೇರಿಸಿ ಕೊಯ್ಯಿಸಬೇಕು ಎಂದರು. ಆ ಹೊತ್ತಿಗೆ ಅಂಗಳದಲ್ಲಿ ಜನ ಸೇರಿದ್ದರು. ಲಾರಿಯಲ್ಲಿ ಕಾಫಿ ಕುಡಿದದ್ದರಿಂದಲೇ ಗೌಡರಿಗೆ ಹೀಗಾಯಿತೆಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಿದ್ದರು. ನಾವು ಮುಚ್ಚಿದ ಕಿಟಕಿಯೊಳಗೆ ನಡೆಸಿದ್ದ ಪರೀಕ್ಷೆಗಳೆಲ್ಲ ಇಡೀ ಊರಿಗೆ ಗೊತ್ತಿದ್ದವು. ಕಾರಣ ಅದಲ್ಲವೆಂದು ಡಾಕ್ಟರ ಬಾಯಿಂದ ಹೇಳಿಸಬೇಕೆಂದಿದ್ದೆ. ಆದರೆ ನಿಜ ಹೇಳುತ್ತೇನೆ, ನನಗೇ ಖಾತ್ರಿಯಿರಲಿಲ್ಲ. ಎರಡನೆಯ ಲೋಟಕ್ಕೆ ಒತ್ತಾಯ ಮಾಡುತ್ತಿದ್ದವನು ನಾನೇ.

ಬೆಳಗಿನ ಬಸ್ಸು ಹೋಗಿಯಾಗಿತ್ತು. ಊರಲ್ಲಿದ್ದ ಒಂದೇ ಕಾರಿನಲ್ಲಿ, ಪೆಟ್ರೋಲು ಸಿಗದ ಕಾಲದಿಂದಲೂ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಉಳಿದದ್ದು ಅಂಗಳದಲ್ಲಿ ಸೊಟ್ಟಗೆ ನಿಂತ ನಮ್ಮ ಮನೆ. ಸಾಹೇಬರು ಮುರಿದ ಸ್ಪ್ರಿಂಗಿನ ಜಾಗದಲ್ಲಿ ಒಂದು ಮರದ ದಿಮ್ಮಿ ತುರುಕಿ ಸರಪಳಿ ಬಿಗಿದಿದ್ದರು. ನಮ್ಮ ತೋಟದ ಗುಡ್ಡದವರೆಗೆ ಮೆಲ್ಲಗೆ ಹೋಗಿಬರಲು ಅಷ್ಟು ಸಾಕಾಗಿತ್ತು. ಬಾಳೆಹೊನ್ನೂರು, ಆಲ್ದೂರು ದಾಟಿ ಚಿಕ್ಕಮಗಳೂರಿಗೆ ಮುಟ್ಟೀತೇ ಎಂದು ಕೇಳಿದೆ. ಸಾಹೇಬರು ಲಾರಿಯನ್ನು ನೋಡಿದರು, ಒಳಗಿನಿಂದ ಬರುತ್ತಿದ್ದ ನರಳಾಟ ಕೇಳಿದರು.

“ಗೊತ್ತಿಲ್ಲ ಗೌಡ್ರೆ,” ಎಂದರು.

ಅವರ ಬಾಯಿಂದ ಆ ಮಾತು ನಾನು ಕೇಳಿದ್ದು ಅದೊಂದೇ ಸಲ. ಗಿರಿಜೆ ಆಗಲೇ ದಿಂಬು ಹೊದಿಕೆ ಹಿಡಿದುಕೊಂಡು ಲಾರಿ ಹತ್ತುತ್ತಿದ್ದಳು. “ಆಗ್ತದೆ ಹೊರಡಿ ಸಾಹೇಬ್ರೆ,” ಎಂದಳು. ಸಾಹೇಬರು ಹೋಗಿ ಸ್ಟೀರಿಂಗಿನ ಮುಂದೆ ಕೂತರು.

ಭಾವಯ್ಯನನ್ನು ಮಂಚದ ಮೇಲೆ ಮಲಗಿಸಿದೆವು. ಅದು ಮಡಿಸಿಕೊಳ್ಳದಂತೆ ಹಗ್ಗ ಬಿಗಿದು, ಸಾಲದೆಂದು ಗಿರಿಜೆ ಅದರ ಅಂಚಿನ ಮೇಲೆ ತಾನೇ ಕೂತಳು. ಬಾಳೆಹೊನ್ನೂರಿನವರೆಗೆ ಹೇಗೋ ಬಂದೆವು. ಆಚೆ ಏರು ಶುರುವಾದೊಡನೆ ಲಾರಿ ಏದುಸಿರು ಬಿಟ್ಟು ನಿಂತಿತು. ಪೆಟ್ರೋಲು ಸುರಿದರೂ ಆಮೆಯ ನಡಿಗೆ. ಭಾರ ಹೆಚ್ಚಾಯಿತು ಎಂದರು ಸಾಹೇಬರು. ಭಾರ ಎಂದರೆ ಏನು? ನನ್ನ ಮನೆ. ನಾನು ನೆತ್ತಿಗೆ ಹತ್ತಿ ಹಂಡೆ ಬಿಚ್ಚಿದೆ. ನೀರು ನನ್ನ ಮೇಲೆಯೇ ಸುರಿಯಿತು. ಹಂಡೆಯನ್ನು ಒಂದು ಹೋಟೆಲಿನ ಮುಂದೆ ಇಳಿಸಿ, ನೋಡಿಕೊಳ್ಳಿ ಎಂದು ಕೂಗಿ ಮುಂದುವರಿದೆವು. ಮುಂದಿನ ಏರಿನಲ್ಲಿ ಒಲೆ ಹೋಯಿತು, ಅದಕ್ಕೆ ಕಟ್ಟಿದ ಸರಪಳಿ ಹೋಯಿತು. ಆಮೇಲೆ ಕಪಾಟು. ಆಮೇಲೆ ಬಾಗಿಲು. ನಾನು ಮಚ್ಚು ಸುತ್ತಿಗೆ ಹಿಡಿದು ಒಂದು ಕಡೆಯಿಂದ ಗೋಡೆ ಕೀಳುತ್ತ ಬಂದೆ. ಅಜ್ಜನ ಕಾಲದ ಹಲಸಿನ ಹಲಗೆಗಳು ರಸ್ತೆಯ ಪಕ್ಕದ ಪೊದೆಗಳಲ್ಲಿ ಒಂದೊಂದಾಗಿ ಬಿದ್ದವು. ಪ್ರತಿ ಹಲಗೆ ಬಿದ್ದಾಗಲೂ ಲಾರಿ ಒಂದಿಷ್ಟು ಚುರುಕಾಗುತ್ತಿತ್ತು. ಎಷ್ಟೋ ತಿಂಗಳು ಕೂತು ಕಟ್ಟಿದ್ದನ್ನು ಹೀಗೆ ಕಿತ್ತು ಎಸೆಯುವಾಗ ಸಂಕಟವಾಗಲಿಲ್ಲವೇ ಎಂದರೆ, ಆಗಲಿಲ್ಲ. ಇನ್ನೇನಿದೆ ಕೀಳುವುದಕ್ಕೆ ಎಂದು ಮಾತ್ರ ಹುಡುಕುತ್ತಿದ್ದೆ.

ನೋವಿನ ನಡುವೆ ಭಾವಯ್ಯ ಕಣ್ಣುಬಿಟ್ಟು, ಅದೇನು ಸದ್ದು ಎಂದು ಕೇಳಿದರು.

“ಅಡಿಗೆಮನೆ ಹೋಯ್ತು ಅಣ್ಣಯ್ಯ,” ಎಂದಳು ಗಿರಿಜೆ. “ನೀವು ಮಲಗಿ.”

ಅವರು ಅವಳ ಕೈ ಹಿಡಿದುಕೊಂಡರು. ತಾನು ಸತ್ತರೆ ಅದು ಕಾಫಿಯಿಂದ ಅಲ್ಲವೆಂದು ಊರಿನವರಿಗೆ ಹೇಳಬೇಕು, ಪಾಪ ಇವನ ತಲೆಯ ಮೇಲೆ ಬರುತ್ತದೆ ಎಂದು ನನ್ನ ಕಡೆ ನೋಡಿದರು. ಕೈಯಲ್ಲಿ ಸುತ್ತಿಗೆ ಹಿಡಿದು ನಿಂತವನಿಗೆ ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಇದ್ದಿಲಿನ ಹೊಗೆ ಎಂದು ಬೇರೆ ಕಡೆ ತಿರುಗಿದೆ.

ಆಲ್ದೂರಿನಲ್ಲಿ ಜನ ಅಂಗಡಿಗಳಿಂದ ಎದ್ದು ಬಂದು ನೋಡಿದರು. ನಾಲ್ಕು ಕಂಬ, ಅದರ ಮೇಲೊಂದು ಡಬ್ಬದ ಛಾವಣಿ, ನಡುವೆ ಮಂಚದ ಮೇಲೆ ಮಲಗಿದ ಮನುಷ್ಯ, ಪಕ್ಕದಲ್ಲಿ ಕೂತ ಹೆಂಗಸು, ಹಿಂದೆ ಹೊಗೆ. ಕೆಲವರು ಟೋಪಿ ತೆಗೆದರು. ಅದನ್ನು ಭಾವಯ್ಯ ನೋಡದಂತೆ ಗಿರಿಜೆ ಸೆರಗು ಅಡ್ಡ ಹಿಡಿದಳು. ಬೆಳಕಿರುವಾಗಲೇ ಚಿಕ್ಕಮಗಳೂರು ಮುಟ್ಟಿದೆವು. ಆಸ್ಪತ್ರೆಯ ಗೇಟಿನೊಳಗೆ ಹೋಗಿ ಸಾಹೇಬರು ಬ್ರೇಕು ಒತ್ತಿದರು. ಅದೊಂದು ಹಿಡಿಯಲಿಲ್ಲ. ಲಾರಿ ಒಂದು ಗುಲಾಬಿ ಪಾತಿಯನ್ನು ಹಾದು ಮೆಟ್ಟಿಲಿಗೆ ತಗುಲಿ ನಿಂತಿತು. ಮಂಚವನ್ನು ಮಂಚದ ಹಾಗೇ ಬಿಚ್ಚಿ ಒಳಗೆ ಹೊತ್ತುಕೊಂಡು ಹೋದೆವು. ಆಮೇಲೆ ಬಾಗಿಲು ಹಾಕಿಕೊಂಡಿತು. ನಾವು ಮೂವರು ಮೆಟ್ಟಿಲ ಮೇಲೆ ಕೂತೆವು. ಸಾಹೇಬರು ತುಟಿ ಅಲುಗಿಸುತ್ತ ಪ್ರಾರ್ಥಿಸುತ್ತಿದ್ದರು. ಗಿರಿಜೆ ಕತ್ತಿನ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನನಗೆ ಯಾವ ಪ್ರಾರ್ಥನೆಯೂ ನೆನಪಿಗೆ ಬರದೆ, ಈ ಮನುಷ್ಯ ಬದುಕಿದರೆ ಏನು ಕೊಟ್ಟರೂ ಕುಡಿಯುತ್ತೇನೆ ಎಂದುಕೊಂಡೆ. ಕೊನೆಗೆ ಡಾಕ್ಟರು ಹೊರಬಂದು, ಸರಿಯಾದ ಹೊತ್ತಿಗೆ ತಂದಿರಿ ಎಂದರು. ಆಮೇಲೆ ರೋಗಿಯ ಹೊಟ್ಟೆಯ ಮೇಲಿದ್ದ ಮಣ್ಣನ್ನು ತೊಳೆಯುವುದಕ್ಕೇ ಬಹಳ ಹೊತ್ತು ಹಿಡಿಯಿತು, ಇವರೇನು ಎಲ್ಲಿಯಾದರೂ ಗುಡ್ಡ ಕುಸಿದು ಅದರಡಿ ಸಿಕ್ಕಿದ್ದರೇ ಎಂದು ವಿಚಾರಿಸಿದರು.

ಭಾವಯ್ಯ ಚೇತರಿಸಿಕೊಂಡ ಮೇಲೆ ಅದೇ ಲಾರಿಯಲ್ಲಿ, ಹೊಸ ಸ್ಪ್ರಿಂಗು ಹಾಕಿಸಿ, ವಾಪಸು ಹೊರಟೆವು. ದಾರಿಯುದ್ದಕ್ಕೂ ನಮ್ಮ ಮನೆ ಕಾಣಸಿಕ್ಕಿತು. ಬಾಗಿಲು ಒಬ್ಬರ ಹಟ್ಟಿಗೆ ಸೇರಿ, ಅದರ ಹಿಂದಿನಿಂದ ಆಡುಗಳು ನಮ್ಮನ್ನು ನೋಡುತ್ತಿದ್ದವು. ಹಲಗೆಗಳು ಒಂದು ಹಳ್ಳಕ್ಕೆ ಸಂಕವಾಗಿದ್ದವು. ಶಾಲೆಯ ಮಕ್ಕಳು ಅದರ ಮೇಲೆ ದಾಟುತ್ತಿದ್ದರು. ಕೇಳುವುದಕ್ಕೆ ಬಾಯಿ ಬರಲಿಲ್ಲ. ಹೋಟೆಲಿನಲ್ಲಿ ಹಂಡೆ ಆಗಲೇ ಒಲೆಯೇರಿ ಹಾಲು ಕಾಯಿಸುತ್ತಿತ್ತು. ಗಿರಿಜೆ ಇಳಿದು ಒಳಗೆ ಹೋದಳು. ಹಾಲನ್ನು ಹೋಟೆಲಿನವರಿಗೆ ಬಿಟ್ಟು, ಹಂಡೆಯನ್ನು ತಂದು ಲಾರಿಯಲ್ಲಿಟ್ಟಳು. ಅಷ್ಟು ಬಿಸಿಯಾದ ಹಂಡೆಯನ್ನು ಅವಳು ಹೇಗೆ ಹಿಡಿದಳೋ ನಾನು ಕೇಳಲಿಲ್ಲ.

ಸಾವಿನ ಬಾಯಿಂದ ಬಂದವರು ಬದಲಾಗುತ್ತಾರೆಂದು ಹೇಳುವುದುಂಟು. ಭಾವಯ್ಯ ಬದಲಾದದ್ದು ಇಷ್ಟೇ: ಕಾಫಿಗೆ ಅನುಮತಿ ಕೊಟ್ಟುಕೊಂಡರು. ಉಳಿದಂತೆ, ಮಣ್ಣಿನ ಪಟ್ಟಿಯ ತಂಪಿನಿಂದಲೇ ಕರುಳು ಚಿಕ್ಕಮಗಳೂರು ಮುಟ್ಟುವವರೆಗೆ ಒಡೆಯದೆ ತಡೆಯಿತೆಂದೂ, ಡಾಕ್ಟರು ಮಾಡಿದ್ದು ಹೊಲಿಗೆಯ ಕೆಲಸ ಮಾತ್ರವೆಂದೂ ಸಾರತೊಡಗಿದರು. ಗೋಡೆಗಳಿಲ್ಲದ ಲಾರಿ ಅವರ ಕಣ್ಣಿಗೆ ಬಿತ್ತು. ಮೇಲೆ ಛಾವಣಿ, ನಾಲ್ಕು ಕಡೆಯೂ ಬಯಲು. ಭಾಷಣಕ್ಕೆ ಹೇಳಿ ಮಾಡಿಸಿದ ವೇದಿಕೆ. ಸಂತೆಯ ದಿನ ಊರೂರಿಗೆ ಹೋಗಿ ಜನರಿಗೆ ಆರೋಗ್ಯ ತಿಳಿಸಬೇಕೆಂದು ಆಸೆಪಟ್ಟರು. ಕೊಡುವುದಿಲ್ಲ ಎಂದು ನಾನು ಹೇಳಬೇಕೆಂದಿದ್ದೆ. ಗಿರಿಜೆ ಅದಾಗಲೇ ಆಗಲಿ ಎಂದಿದ್ದಳು. ಸಾಹೇಬರು ತಮ್ಮ ವರ್ಕ್‌ಷಾಪು ಬಿಟ್ಟು ಬರುವಂತಿರಲಿಲ್ಲವಾದ್ದರಿಂದ, ನನಗೆ ಡ್ರೈವಿಂಗು ಕಲಿಸಿಕೊಟ್ಟರು. ಕಲಿತ ದಿನವೇ ನನಗೆ ಉದ್ಯೋಗವಾಯಿತು.

ಮೊದಲ ಭಾಷಣ ಆಲ್ದೂರಿನ ಸಂತೆಯಲ್ಲಿ. ಜನ ಚೆನ್ನಾಗಿ ಸೇರಿದರು. ಹಿಂದೊಮ್ಮೆ ಇದೇ ಲಾರಿಯ ಮೇಲೆ ಮಲಗಿ ಹೋದ ಮನುಷ್ಯ ಇವತ್ತು ನಿಂತು ಮಾತಾಡುತ್ತಿರುವುದೇ ಅವರಿಗೊಂದು ಪವಾಡ. ಭಾವಯ್ಯ ಬಲು ಚೆನ್ನಾಗಿ ಮಾತಾಡಿದರು. ಗೆಲುವಾಗಿದ್ದರು, ಮೈ ತುಂಬಿಕೊಂಡಿತ್ತು. ನಾನು ಡ್ರೈವರಿನ ಸೀಟಿನಲ್ಲಿ ಕೂತು ತೂಕಡಿಸುತ್ತಿದ್ದೆ. ಯಾರೋ ತೋಳು ಹಿಡಿದು ಎಬ್ಬಿಸಿದರು. ಏನೆಂದು ತಿಳಿಯುವ ಮೊದಲೇ ವೇದಿಕೆಯ ಮೇಲಿದ್ದೆ. ಭಾವಯ್ಯ ನನ್ನ ಹೆಗಲ ಮೇಲೆ ಕೈಯಿಟ್ಟು, ನಿಮಗೆ ನಂಬಿಕೆ ಬಾರದಿದ್ದರೆ ಇವರನ್ನು ನೋಡಿ, ಇವರು ಕೆಲವು ವರ್ಷಗಳಿಂದ ನನ್ನ ಚಿಕಿತ್ಸೆಯಲ್ಲೇ ಇದ್ದಾರೆ ಎಂದು ಜನರಿಗೆ ಪರಿಚಯಿಸಿದರು. ಎಲ್ಲರೂ ನನ್ನನ್ನು ನೋಡಿದರು. ಬೆಳಗಿನಿಂದ ಗ್ಯಾಸ್ ಪೀಪಾಯಿ ಕೆದಕಿ ನನ್ನ ಮುಖವೆಲ್ಲ ಮಸಿ, ಹೊಗೆಗೆ ಕಣ್ಣು ಕೆಂಪು, ನಿದ್ದೆಗೆಟ್ಟು ಕೆನ್ನೆ ಒಳಗೆ ಹೋಗಿತ್ತು. ಮುಂದಿನ ಸಾಲಿನಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ಎರಡೆರಡು ಸಲ ನೋಡಿ, ಕನಿಕರದಿಂದ ಭಾವಯ್ಯನನ್ನು ಕೇಳಿದಳು:

“ಅಯ್ಯಾ, ಹಂಗಾದ್ರೆ ಇವ್ರು ಮೊದ್ಲು ಹೆಂಗಿದ್ರು?”